ಕೆರೆಯಂಗಳದ ಠರಾವು

ನಮ್ಮ ತಾಲೂಕಿನ ಬಗ್ಗೆ ಸಿಂಗಪುರದಲ್ಲಿ ಎಲ್ಲರೂ ಹೇಳುವುದು ಒಂದೇ ಕಥೆ. ಕೆರೆ ಎಂದೂ ಬತ್ತಿದ್ದಿಲ್ಲ, ಜನ ಎಂದೂ ಜಗಳಾಡಿದ್ದಿಲ್ಲ, ಪಂಚಾಯತಿಯಲ್ಲಿ ಎಲ್ಲವೂ ಅವಿರೋಧ. ಅದೇ ಬಾಯಲ್ಲಿ, ಬೇಸಿಗೆಯಲ್ಲಿ ಕೆರೆಯಂಗಳದಲ್ಲಿ ಬೆಳೆಯುತ್ತಿದ್ದ ಸೌತೆಕಾಯಿಯ ರುಚಿಯನ್ನೂ ಹೊಗಳುತ್ತಾರೆ. ನೀರು ಹಿಂದೆ ಸರಿಯದೆ ಕೆರೆಯ ಅಂಗಳ ಬಯಲಾಗುವುದು ಹೇಗೆ, ಬಯಲಾಗದೆ ಅಲ್ಲಿ ಸೌತೆಕಾಯಿ ಬೆಳೆಯುವುದು ಹೇಗೆ ಎಂದು ನಾನು ಒಮ್ಮೆ ಕೇಳಿದೆ. ನಿಂದು ಬರೀ ಡಿಬೇಟು ಅಂದರು. ಹೌದು, ಡಿಬೇಟೇ. ಆದರೆ ಅದು ಉತ್ತರ ಅಲ್ಲವಲ್ಲ.

ಜನ ಜಗಳಾಡಿಲ್ಲ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಅವಿರೋಧ ಎಂದರೆ ಎಲ್ಲರೂ ಒಪ್ಪಿದರು ಎಂದು ಅರ್ಥವಲ್ಲ. ಯಾರನ್ನೋ ಕೇಳಲಿಲ್ಲ ಎಂದು ಅರ್ಥ. ಇದನ್ನು ನಾನು ವಾದ ಮಾಡಿ ಕಂಡುಕೊಂಡದ್ದಲ್ಲ, ಬುಕಿತ್ ಬಾಟೋಕ್ ಬಡಾವಣೆಯ ಒಂದು ಕಾಂಡೋ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಂತು ತಿಳಿದುಕೊಂಡದ್ದು.

ಏಳನೆಯ ತರಗತಿಯವರೆಗೆ ಧಾರವಾಡದ ಕನ್ನಡ ಶಾಲೆಯಲ್ಲಿ ಓದಿ, ಅಪ್ಪನ ಕೆಲಸದ ಹಿಂದೆ ಸಿಂಗಪುರಕ್ಕೆ ಬಂದವಳು ನಾನು. ಅಪ್ಪ ಆಂಗ್ ಮೋ ಕಿಯೋದ ಚಿಪ್ ಕಾರ್ಖಾನೆಯೊಂದರಲ್ಲಿ ಇಂಜಿನಿಯರು, ಮನೆಯೂ ಅಲ್ಲೇ ಹತ್ತಿರ. ಜೂನಿಯರ್ ಕಾಲೇಜಿನಲ್ಲಿ ನಾನು ಡಿಬೇಟ್ ತಂಡದ ಮೂರನೆಯ ಸ್ಪೀಕರ್. ಎದುರು ಪಕ್ಷದ ಮಾತನ್ನು ತುಂಡು ತುಂಡು ಮಾಡುವುದು ಮೂರನೆಯವಳ ಕೆಲಸ. ಗೆದ್ದು ಗೆದ್ದು ನನಗೆ ಒಂದು ನಂಬಿಕೆ ಬಂದುಬಿಟ್ಟಿತ್ತು: ಸರಿಯಾದ ಮಾತನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಿದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ.

ನಮ್ಮ ತಾಲೂಕಿನ ಆರು ಮನೆಗಳು ಆಗ ಸಿಂಗಪುರದಲ್ಲಿದ್ದವು. ಮಕ್ಕಳಿಗೆ ಊರು ಗೊತ್ತಾಗಲಿ ಎಂದು ಒಂದು ಪುಸ್ತಿಕೆ ತರಲು ಹಿರಿಯರು ಕಮಿಟಿ ಮಾಡಿದರು. ಮೂರು ಅಧ್ಯಾಯ: ಭೂಗೋಳ, ಜನ, ಆಡಳಿತ. ಅಚ್ಚಾದ ಮೇಲೆ ತಾಲೂಕಿನ ಎಲ್ಲ ಶಾಲೆಗೂ ಪಂಚಾಯತಿಗೂ ಪ್ರತಿ ಕಳಿಸುವುದು. ಕನ್ನಡದಲ್ಲಿ ತಪ್ಪಿಲ್ಲದೆ ಬರೆಯಬಲ್ಲ ಮಕ್ಕಳಲ್ಲಿ ಉಳಿದವಳು ನಾನೊಬ್ಬಳೇ, ಹಾಗಾಗಿ ಬರೆಯುವ ಕೆಲಸ ನನ್ನ ಪಾಲಿಗೆ. ಹೇಳಿ ಬರೆಸುವವರು ಬುಕಿತ್ ಬಾಟೋಕಿನ ಅಂಕಲ್. ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಊರಲ್ಲಿ ಕೆರೆ ದಂಡೆಯ ಹಳ್ಳಿಯ ದೊಡ್ಡ ಮನೆ. ನಾವು ಸಿಂಗಪುರಕ್ಕೆ ಬಂದಿಳಿದ ಮೊದಲ ತಿಂಗಳು ಅವರ ಮನೆಯಲ್ಲೇ ಉಳಿದಿದ್ದೆವು. ಅದನ್ನು ಅಪ್ಪ ಮರೆತಿರಲಿಲ್ಲ. ಮರೆಯದಂತೆ ಅಂಕಲ್ ಕೂಡ ನೋಡಿಕೊಂಡಿದ್ದರು.

ಪ್ರತಿ ಶನಿವಾರ ಬೆಳಿಗ್ಗೆ ಎಂಆರ್‌ಟಿ ರೈಲು ಹಿಡಿದು ಅವರ ಮನೆಗೆ ಹೋಗುತ್ತಿದ್ದೆ. ಎಲ್ಲಿ ನೋಡಿದರೂ ಕ್ರೇನು ನಿಂತಿದ್ದ ಕಾಲ ಅದು. ಚೆನ್ನಾಗಿರುವ ಕಟ್ಟಡವನ್ನೇ ಕೆಡವಿ ಇನ್ನೂ ಎತ್ತರದ್ದನ್ನು ಕಟ್ಟುತ್ತಿದ್ದರು. ಅಂಕಲ್ ಇದ್ದ ಕಾಂಡೋ ಸಮುಚ್ಚಯವನ್ನೂ ಇಡಿಯಾಗಿ ಬಿಲ್ಡರಿಗೆ ಕೊಡುವ ಮಾತು ನಡೆದಿತ್ತು. ಅದಕ್ಕೆ ಬಹುಪಾಲು ಮನೆಯವರ ಸಹಿ ಬೇಕು. ಆ ಕರಾರುಪತ್ರ ತಿಂಗಳುಗಟ್ಟಲೆ ಅವರ ಊಟದ ಮೇಜಿನ ಮೇಲೇ ಇತ್ತು, ಪುಟಪುಟಕ್ಕೂ ಹಳದಿ ಚೀಟಿ ಅಂಟಿಸಿಕೊಂಡು. ಇಬ್ಬರು ವಕೀಲರಿಗೆ ತೋರಿಸಿಯೂ ಅವರಿಗೆ ಸಮಾಧಾನವಿರಲಿಲ್ಲ. ಒಂದು ಅಕ್ಷರ ಓದದೆ ಸಹಿ ಹಾಕುವವನು ಮೂರ್ಖ ಎಂದು ನನಗೆ ಬುದ್ಧಿ ಹೇಳಿದ್ದರು. ನಾನೂ ತಲೆಯಾಡಿಸಿದ್ದೆ.

ಭೂಗೋಳ ಬರೆಸುವಾಗ ಅವರಿಗೆ ಉತ್ಸಾಹ. ಪೂರ್ವಕ್ಕೆ ಎರೆಭೂಮಿ, ಜೋಳ, ಕುಸುಬಿ. ಪಶ್ಚಿಮಕ್ಕೆ ಕೆಂಪು ಮಣ್ಣಿನ ದಿನ್ನೆ. ನಡುವೆ ಕೆರೆ, ಅದರ ಏರಿ, ಎರಡು ತೂಬು, ಕೋಡಿ ಬಿದ್ದರೆ ಮುಚ್ಚಿಹೋಗುವ ರಸ್ತೆ. ಇಷ್ಟೆಲ್ಲ ಹೇಳಿ ಕೆರೆಯಂಗಳಕ್ಕೆ ಬಂದಾಗ ಮಾತ್ರ ಎರಡೇ ಶಬ್ದ ಬರೆಸಿದರು: ಖಾಲಿ ಜಾಗ. ಸೌತೆಕಾಯಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು, ಅವರು ಬಾಲ್ಕನಿಗೆ ಹೋದರು.

ಆಗ ಅಡುಗೆಮನೆಯಿಂದ ಅವರ ಮನೆಕೆಲಸದ ಅಕ್ಕ ನನ್ನನ್ನು ಕರೆದರು. ಸಿಂಗಪುರದಲ್ಲಿ ಕಂಡ ಹೆಂಗಸರೆಲ್ಲ ನಮಗೆ ಆಂಟಿ, ಇವರೊಬ್ಬರು ಮಾತ್ರ ಅಕ್ಕ. ವರ್ಕ್ ಪರ್ಮಿಟ್ ಮೇಲೆ ಬಂದು ಎರಡು ವರ್ಷ ಆಗುತ್ತ ಬಂದಿತ್ತು. ರೊಟ್ಟಿ ಬಡಿಯುತ್ತಲೇ ಕೇಳಿದರು, ಖಾಲಿ ಅಂತ ಬರಿಸಿದರೇನು ಎಂದು. ಹೌದು ಅಂದೆ. ಅಲ್ಲಿ ಅಂಬಿಗರ ಓಣಿಯ ಪ್ರತಿ ಮನೆಗೂ ಒಂದು ಪಟ್ಟಿ ನೆಲ ಇತ್ತು ಅಂದರು. ನೀರಿದ್ದಾಗ ಮೀನು, ನೀರು ಸರಿದಾಗ ಸೌತೆ, ಕಲ್ಲಂಗಡಿ, ಹಿಂಗಾರಿ ಕಡಲೆ. ಯಾರದು ಎಲ್ಲಿಯವರೆಗೆ ಎಂದು ಕಾಗದದಲ್ಲಿ ಇರಲಿಲ್ಲ, ಆದರೆ ಓಣಿಯವರಿಗೆಲ್ಲ ಗೊತ್ತಿತ್ತು. ಈಗ ಅಲ್ಲಿ ತಂತಿ ಬೇಲಿ ಬಿದ್ದಿದೆ. ಅಂಕಲ್ ಅವರ ತಮ್ಮ ರೆಸಾರ್ಟ್ ಕಟ್ಟಿಸುತ್ತಿದ್ದಾರೆ.

ಪಂಚಾಯತಿ ಸುಮ್ಮನಿತ್ತಾ ಎಂದು ಕೇಳಿದೆ.

"ಪಂಚಾಯತಿ ಅಧ್ಯಕ್ಷಿ ನಾನ ಇದ್ನೆವಾ ತಂಗಿ" ಅಂದರು.

ನಾನು ನಕ್ಕುಬಿಟ್ಟೆ. ತಮಾಷೆ ಅಂದುಕೊಂಡೆ. ಅವರು ನಗಲಿಲ್ಲ, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

ತಮಾಷೆಯಾಗಿರಲಿಲ್ಲ. ಅಧ್ಯಕ್ಷ ಸ್ಥಾನ ಹಿಂದುಳಿದ ವರ್ಗದ ಹೆಣ್ಣುಮಗಳಿಗೆ ಮೀಸಲಾದಾಗ, ದೊಡ್ಡ ಮನೆಯವರು ತಮ್ಮ ಹೊಲದಲ್ಲಿ ಕಳೆ ಕೀಳುತ್ತಿದ್ದ ಈ ವಿಧವೆಯನ್ನು ನಿಲ್ಲಿಸಿದರು. ಎದುರು ಯಾರೂ ನಿಲ್ಲದಂತೆ ನೋಡಿಕೊಂಡರು. ಅವಿರೋಧ. ಸಭೆಯ ದಿನ ಹಾಜರಾದವರೆಲ್ಲ ಮೊದಲು ನಡಾವಳಿ ಪುಸ್ತಕದ ಖಾಲಿ ಹಾಳೆಯ ಕೆಳಗೆ ಸಹಿ ಹಾಕಿ, ಚಹಾ ಕುಡಿದು ಹೊಲಕ್ಕೆ ಹೋಗುವುದು. ಠರಾವನ್ನು ಕಾರ್ಯದರ್ಶಿ ಆಮೇಲೆ ಬಿಡುವಾದಾಗ ಮೇಲಿನಿಂದ ಬರೆದುಕೊಳ್ಳುವುದು. ಅಲ್ಲಿನ ಪದ್ಧತಿಯೇ ಅದು. ಕೆರೆಯಂಗಳವನ್ನು ರೆಸಾರ್ಟಿಗೆ ಕೊಡಲು ಪಂಚಾಯತಿಯ ಆಕ್ಷೇಪಣೆ ಇಲ್ಲ ಎಂಬ ಠರಾವು ಅಂಥದ್ದೊಂದು ಹಾಳೆಯ ಮೇಲೆ ಬಂದು ಕೂತಿತ್ತು. ಕೆಳಗೆ ಅಕ್ಕನ ಸಹಿ.

ಓಣಿಯವರು ಅವರ ಜೊತೆ ಮಾತು ಬಿಟ್ಟರು. ನೀನೇ ಮಾರಿದಿ ಅಂದರು. ಇರಲು ಆಗದೆ ಒದ್ದಾಡುತ್ತಿದ್ದಾಗ ಅಂಕಲ್ ಇಲ್ಲಿಗೆ ಕರೆತಂದರು. ಎಂಥ ಉಪಕಾರ ಎಂದು ನಮ್ಮ ಆರು ಮನೆಗಳಲ್ಲಿ ಹೊಗಳಿಕೆ. ಸಾಕ್ಷಿಯನ್ನು ಸಮುದ್ರದಾಚೆ ಇಟ್ಟದ್ದು ಎಂದು ನನ್ನ ಅನುಮಾನ. ಪುರಾವೆ ಇಲ್ಲ, ಹಾಗಾಗಿ ಅನುಮಾನ ಎಂದೇ ಬರೆದಿದ್ದೇನೆ. ಅವರ ಮಗಳು ಊರಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ತಾಯಿ ಬಂದರೆ ಒಳಗೆ ಸೇರಿಸುವುದಿಲ್ಲ ಎಂದು ಆ ಮನೆಯವರು ಫೋನಿನಲ್ಲೇ ಹೇಳಿದ್ದರು. ಇನ್ನೆರಡು ತಿಂಗಳಿಗೆ ಪರ್ಮಿಟ್ ಮುಗಿಯುತ್ತಿತ್ತು. ಅಷ್ಟರೊಳಗೆ ಅಚ್ಚಿನಲ್ಲಿ ಒಂದು ಮಾತು ಬರಬೇಕು, ಖಾಲಿ ಹಾಳೆಯ ಮೇಲೆ ಸಹಿ ತೆಗೆದುಕೊಂಡರು ಎಂದು. ಬಾಯಿಂದ ಹೇಳಿದ್ದನ್ನು ಓಣಿಯವರು ನಂಬಲಿಲ್ಲ, ದೊಡ್ಡ ಮನೆಯವರೇ ಹಂಚುವ ಪುಸ್ತಕದಲ್ಲಿ ಬಂದರೆ ನಂಬುತ್ತಾರೆ. ಇದು ಅಕ್ಕನ ಲೆಕ್ಕ. ನಾನು ಕೇಳಿದ ವಾದಗಳಲ್ಲಿ ಅಷ್ಟು ಚೊಕ್ಕಟವಾದದ್ದು ಕಡಿಮೆ.

ಆದರೂ ನಾನು ಮೂರನೆಯ ಸ್ಪೀಕರ್. ಸುಮ್ಮನೆ ಹೇಗೆ ಬರೆದುಕೊಳ್ಳಲಿ? ಎಂಟನೇ ತರಗತಿ ಪಾಸಾದವರು ನೀವು, ಓದಲು ಬರುತ್ತಿತ್ತಲ್ಲ ಅಂದೆ. ಬರುತ್ತಿತ್ತು ಅಂದರು. ಸಹಿ ನಿಮ್ಮದೇ ತಾನೆ ಅಂದೆ. ನನ್ನದೇ ಅಂದರು.

"ಮತ್ತೆ ಯಾಕೆ ಮಾಡಿದ್ರಿ?"

"ಓದಾಕ ಅದರಾಗ ಏನಿತ್ತು ತಂಗಿ? ಬರೆ ಗೆರಿ ಇದ್ವು."

ಮರುದಿನ ಮನೆಯಲ್ಲಿ ಅಪ್ಪನನ್ನು ಕೇಳಿದೆ. ನಮ್ಮ ಅಜ್ಜ ಅದೇ ತಾಲೂಕಿನ ಇನ್ನೊಂದು ಪಂಚಾಯತಿಯಲ್ಲಿ ಕಾರ್ಯದರ್ಶಿಯಾಗಿದ್ದವರು. ಅಪ್ಪ ನಕ್ಕರು. ಎಲ್ಲ ಕಡೆಯೂ ಹಾಗೇ, ಭಾನುವಾರ ಅಜ್ಜ ಆ ಪುಸ್ತಕ ಮನೆಗೆ ತಂದು, ಮಂಚದ ಮೇಲೆ ಕೂತು ಠರಾವು ಬರೆಯುತ್ತಿದ್ದರು, ಮಸಿ ತುಂಬಿಕೊಡುವುದು ತನ್ನ ಕೆಲಸ ಎಂದು ಹೇಳಿದರು. ಚಿಕ್ಕಂದಿನ ಸವಿನೆನಪು ಅವರಿಗೆ. ನನಗೆ ಸಾಕ್ಷಿ ಸಿಕ್ಕಿತು.

ಆಡಳಿತದ ಅಧ್ಯಾಯದಲ್ಲಿ ಎರಡು ಪುಟ ಬರೆದೆ. ಮುಂದಿನ ಶನಿವಾರ ಅಕ್ಕನಿಗೆ ಅಡುಗೆಮನೆಯಲ್ಲೇ ಓದಿ ತೋರಿಸಿದೆ. ಕೈಯಲ್ಲಿದ್ದ ಹಿಟ್ಟು ಒಣಗುವವರೆಗೂ ನಿಂತು ಕೇಳಿದರು. ಆಮೇಲೆ ಬಾಲ್ಕನಿಯ ಕಡೆ ಒಮ್ಮೆ ನೋಡಿ ಹೇಳಿದರು:

"ಇಲ್ಲಿ ಯಾರಿಗೂ ತೋರಸಬ್ಯಾಡ. ಸೀದಾ ಅಚ್ಚಿಗೆ ಕೊಡು. ನಾ ಊರು ಮುಟ್ಟಿದ ಮ್ಯಾಲೆ ಏನರ ಆಗಲಿ."

ಸರಿ ಅನ್ನಬೇಕಿತ್ತು. ನಾನು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಪ್ರತಿ ಅಧ್ಯಾಯವನ್ನೂ ಕಮಿಟಿಯ ಮುಂದೆ ಓದಿಯೇ ಅಚ್ಚಿಗೆ ಕಳಿಸಬೇಕು ಎಂಬ ನಿಯಮ ಇತ್ತು. ಆ ನಿಯಮ ಮಾಡಿಸಿದವಳು ನಾನೇ. ನಿಜವಾದ ಮಾತು ಕಳ್ಳದಾರಿಯಲ್ಲಿ ಯಾಕೆ ಹೋಗಬೇಕು, ಎದುರಿಗೆ ನಿಂತು ಗೆಲ್ಲಬೇಕು ಎಂದು ನನ್ನ ಹಟ. ಸೋತರೆ ಯಾರು ಸೋಲುತ್ತಾರೆ ಎಂದು ಯೋಚಿಸಲಿಲ್ಲ. ಡಿಬೇಟಿನಲ್ಲಿ ಸೋತವರು ಕೈ ಕುಲುಕಿ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಿಗೆ ಹೋಗಿ ಐಸ್ ಕಚಾಂಗ್ ತಿನ್ನುತ್ತಾರೆ.

ಭಾನುವಾರ ಅಂಕಲ್ ಮನೆಯಲ್ಲಿ ಆರೂ ಮನೆಯವರು ಸೇರಿದರು. ಊಟವಾಯಿತು. ನಾನು ಎದ್ದು ನಿಂತು ಓದಿದೆ, ಎಲ್ಲಿ ತಡೆಯಬೇಕೋ ಅಲ್ಲಿ ತಡೆದು, ಎಲ್ಲಿ ದನಿ ಏರಿಸಬೇಕೋ ಅಲ್ಲಿ ಏರಿಸಿ. ಓದಿ ಮುಗಿದಾಗ ಟಿವಿ ಮುಂದಿದ್ದ ಮಕ್ಕಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಗೆದ್ದೆ ಅಂದುಕೊಂಡೆ.

ಅಂಕಲ್ ಸಿಟ್ಟಾಗಲಿಲ್ಲ. ನಮ್ಮೊಡನೆ ಬೆಂಗಳೂರು ಕನ್ನಡ ಮಾತಾಡುವವರು, ಅಡುಗೆಮನೆಯ ಕಡೆ ತಿರುಗಿ ಊರ ಮಾತಿನಲ್ಲಿ ಅಕ್ಕನನ್ನು ಕರೆದರು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು.

"ಏನವಾ, ನಿನಗ ಓದಾಕ ಬರತೈತಿ ಹೌದಲ್ಲೋ?"

"ಹೌದ್ರಿ."

"ಆ ಸಹಿ ನಿಂದ ಹೌದಲ್ಲೋ?"

"ಹೌದ್ರೀ ಧಣ್ಯಾರ."

ಅಷ್ಟೇ. ಅವೇ ಎರಡು ಪ್ರಶ್ನೆ, ನಾನು ಕೇಳಿದ ಕ್ರಮದಲ್ಲೇ. ಮೂರನೆಯದನ್ನು ಅವರು ಕೇಳಲಿಲ್ಲ. ನಾನು ಕೇಳಬಹುದಿತ್ತು. ಆದರೆ ಆಗ ಅಕ್ಕ ನನ್ನ ಕಡೆ ನೋಡಿದರು. ಬೈಗುಳ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ, ಆ ನೋಟದಲ್ಲಿ ಅದೂ ಇರಲಿಲ್ಲ.

"ನೋಡಮ್ಮ ಲಾಯರ್" ಎಂದು ಅಂಕಲ್ ನನ್ನ ಕಡೆ ತಿರುಗಿದರು. "ಪಾಪ, ಅವಳೇ ಒಪ್ಪಿಕೊಳ್ತಾಳೆ. ನೀನು ಅವಳ ಪರ ವಾದ ಮಾಡ್ತಿದ್ದೀಯೋ, ನಿನ್ನ ಟ್ರೋಫಿಗೆ ಪ್ರಾಕ್ಟೀಸ್ ಮಾಡ್ತಿದ್ದೀಯೋ?"

ಒಂದಿಬ್ಬರು ನಕ್ಕರು. ನಾನು ಪಟ್ಟು ಬಿಡಲಿಲ್ಲ. ಖಾಲಿ ಹಾಳೆಗೆ ಸಹಿ ಹಾಕಿಸುವ ಪದ್ಧತಿ ಇತ್ತೋ ಇಲ್ಲವೋ ಎಂದು ಹೇಳಬಲ್ಲವರು ಈ ಕೋಣೆಯಲ್ಲೇ ಇದ್ದಾರೆ ಎಂದು ಹೇಳಿ, ಅಪ್ಪನ ಕಡೆ ನೋಡಿದೆ. ಎಲ್ಲರೂ ನೋಡಿದರು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಆಗ ಸಣ್ಣವನು" ಅಂದರು. "ನನಗೆ ಅಷ್ಟೊಂದು ನೆನಪಿಲ್ಲ."

ಎರಡು ಪುಟ ತೆಗೆದುಹಾಕುವುದು ಎಂದು ಅಂಕಲ್ ಹೇಳಿದರು. ಯಾರದಾದರೂ ತಕರಾರು ಇದೆಯೇ ಎಂದು ಕೇಳಿದರು. ಇದೆ ಅಂದೆ. ಕಮಿಟಿಯವರದ್ದು ಮಾತ್ರ ಕೇಳ್ತಿರೋದು ಅಂದರು. ಅಪ್ಪ ಕಮಿಟಿಯಲ್ಲಿದ್ದರು. ಪುಸ್ತಿಕೆಯ ಕೊನೆಯ ಪುಟದಲ್ಲಿ ಈಗಲೂ ಇದೆ, ನೋಡಬಹುದು: ಎಲ್ಲ ಅಧ್ಯಾಯಗಳನ್ನೂ ಅವಿರೋಧವಾಗಿ ಅಂಗೀಕರಿಸಲಾಯಿತು.

ಮುಂದಿನ ಶನಿವಾರ ನಾನು ಹೋದಾಗ ಬಾಗಿಲು ತೆರೆದವರು ಅಂಕಲ್ ಅವರ ಹೆಂಡತಿ, ಆಂಟಿ. ಅಡುಗೆಮನೆ ಒರೆಸಿಟ್ಟ ಹಾಗಿತ್ತು, ಹಂಚು ಮೂಲೆಯಲ್ಲಿ ಬೋರಲು. ಪರ್ಮಿಟ್ ಕ್ಯಾನ್ಸಲ್ ಮಾಡಿಸಿ ಹಿಂದಿನ ದಿನ ಬೆಳಿಗ್ಗೆಯೇ ವಿಮಾನ ಹತ್ತಿಸಿದರಂತೆ. ಅಕ್ಕನಿಗೇ ಊರಿನ ಹಂಬಲ ಹೆಚ್ಚಾಗಿತ್ತು, ಮಗಳನ್ನು ನೋಡಬೇಕು ಅಂತಿದ್ದಳು, ನಾವು ಬೇಡ ಅನ್ನೋಕಾಗುತ್ತಾ ಎಂದು ಆಂಟಿ ಹೇಳಿದರು. ಅವರ ಪುಟ್ಟ ಮಗಳು ಸೋಫಾದಿಂದ ತಲೆಯೆತ್ತದೆ, ಸಿಂಗಪುರದ ಮಕ್ಕಳ ಧಾಟಿಯಲ್ಲಿ, "ಅಕ್ಕ ಅಳ್ತಾ ಇದ್ಳು ಲಾ" ಅಂದಳು. ಆಂಟಿ ಅವಳನ್ನು ಹೋಂವರ್ಕಿಗೆ ಅಟ್ಟಿದರು.

ನನಗೆ ಎರಡು ಪ್ರತಿ ಪುಸ್ತಿಕೆ ಬಂತು. ಬರೆದವಳಿಗೆ ಮುನ್ನುಡಿಯಲ್ಲಿ ಕೃತಜ್ಞತೆಯೂ ಇತ್ತು. ಅದನ್ನು ನಾನು ಬೇಡ ಅನ್ನಲಿಲ್ಲ, ಅದನ್ನೂ ಇಲ್ಲಿ ಹೇಳಿಬಿಡಬೇಕು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಶನಿವಾರ ಮನೆಗೆ ಬಂದಾಗ ಅಪ್ಪ ಬಟ್ಟೆ ಒಣಹಾಕುವ ಬಿದಿರು ಕೋಲಿಗೆ ಅಂಗಿಗಳನ್ನು ಸಿಕ್ಕಿಸುತ್ತ ಕಿಟಕಿಯ ಬಳಿ ನಿಂತಿದ್ದರು. ಅಕ್ಕನನ್ನು ಕಳಿಸಿಬಿಟ್ಟರು ಅಂದೆ. ಗೊತ್ತು ಅಂದರು. ಅವರಿಗೆ ಗುರುವಾರವೇ ಗೊತ್ತಿತ್ತು.

ಅಲ್ಲಿಯವರೆಗೆ ನಾನು ಅಪ್ಪನ ಜೊತೆ ಎಷ್ಟೋ ವಾದ ಮಾಡಿದ್ದೇನೆ, ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಕೇಳಿ ಸೋಲಿಸಿದ್ದೇನೆ. ಅವತ್ತು ಕೇಳಿದ್ದರ ಉತ್ತರ ನನಗೂ ಗೊತ್ತಿರಲಿಲ್ಲ.

"ಇಷ್ಟೊತ್ತಿಗೆ ಊರ ಬಸ್ಸಿಳಿದಿರ್ತಾರೆ. ಯಾರ ಮನೆಗೆ ಹೋಗಬೇಕು ಅವರು, ಅಪ್ಪ?"