ಟಿವಿ ಹೇಳದ ಹೆಸರು

ಮೊನ್ನೆ ಟ್ರಂಕು ತೆಗೆದಾಗ ಡಾಂಬರು ಗುಳಿಗೆಯ ವಾಸನೆಯ ಜೊತೆ, ನಮ್ಮ ಹಳೆಯ ಟಿವಿಗೆ ಹೊದಿಸುತ್ತಿದ್ದ ಬಟ್ಟೆ ಕೈಗೆ ಬಂತು. ಅಂಚಿನ ತುಂಬ ಕಸೂತಿ. ಹಾಕಿದವಳು ಮುನವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕು...

ಕಾಕುವಿನ ಗಂಡ ವಿಮಾನದ ಮೆಕ್ಯಾನಿಕ್ ಆಗಿದ್ದ. ಹೊಸ ವಿಮಾನಗಳನ್ನು ಮೊದಲ ಸಲ ಹಾರಿಸಿ ನೋಡುತ್ತಿದ್ದ ದೊಡ್ಡ ಪೈಲಟ್ ಒಬ್ಬರ ಹಿಂದೆ ಕೂತು ಯಂತ್ರ ನೋಡಿಕೊಳ್ಳುವುದು ಅವನ ಕೆಲಸ. ಒಂದು ದಿನ ವಿಮಾನ ಬಿತ್ತು. ಇಬ್ಬರೂ ಉಳಿಯಲಿಲ್ಲ. ಇದು ನಾನು ಹುಟ್ಟುವ ಮೊದಲಿನ ಮಾತು.

ತೊಂಬತ್ತರ ದಶಕದಲ್ಲಿ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ಆ ಪೈಲಟ್ ಜೀವನದ ಸಾಕ್ಷ್ಯಚಿತ್ರ ಟಿವಿಯಲ್ಲಿ ಬರುತ್ತದೆಂದು ತಿಳಿಯಿತು. ಕಾಕು ತಾನೇ ಮನೆಮನೆಗೆ ಹೋಗಿ ಇಡೀ ಓಣಿಯನ್ನು ನಮ್ಮ ಮನೆಗೆ ಕರೆದಳು. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಶುಭಕಾರ್ಯದಲ್ಲಿ ಒಡಪು ಎಂಬ ಪ್ರಾಸದ ಪದ ಕಟ್ಟಿ, ಅದರೊಳಗೆ ಸೇರಿಸಿ ಹೇಳಬಹುದು, ಅದೂ ಮುತ್ತೈದೆಯರು ಮಾತ್ರ. ವಿಧವೆಗೆ ಒಡಪು ಹೇಳೆಂದು ಯಾರು ಕೇಳುತ್ತಾರೆ? ದೇಶಕ್ಕೆಲ್ಲ ಕೇಳುವಂತೆ ಟಿವಿಯಾದರೂ ಆ ಹೆಸರು ಹೇಳಲಿ ಎಂಬುದೊಂದೇ ಅವಳ ಆಸೆಯಾಗಿತ್ತು.

ಕಾರ್ಯಕ್ರಮ ಹಿಂದಿಯಲ್ಲಿತ್ತು. ಮಾತು ತಿಳಿಯದಿದ್ದರೂ ಹೆಸರು ತಿಳಿಯುತ್ತದಲ್ಲ... ಕಾಕು ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಪೈಲಟ್ ಕಲಿತ ಶಾಲೆಯ ಹೆಸರು ಬಂತು, ಅವರ ಮೋಟರ್‌ಸೈಕಲ್ ಬಂತು, ಸಾಕಿದ ನಾಯಿಯ ಹೆಸರೂ ಬಂತು. ಕೊನೆಗೆ ವಿಮಾನ ಬಿತ್ತು. ಜೊತೆಗಿದ್ದ ಒಬ್ಬ ಸಿಬ್ಬಂದಿಯೂ ತೀರಿಕೊಂಡ ಎಂದರು. ಅಷ್ಟೇ. ಮುಂದೆ ಹಾಡು ಶುರುವಾಯಿತು.

“ಹೇಳಿದ್ರೇನವಾ?” ಎಂದು ಕಾಕು ನನ್ನನ್ನು ಕೇಳಿದಳು.

“ಇಲ್ರಿ ಕಾಕು.”

ಅವಳು ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಟಿವಿಯನ್ನೇ ನೋಡುತ್ತ, ಗಂಡನ ಹೆಸರು, ಮಾವನ ಹೆಸರು, ಅಡ್ಡಹೆಸರು ಎಲ್ಲವನ್ನೂ ಬಿಡಿಸಿ ಹೇಳಿದಳು. “ಅವರೂ ಅದರಾಗ ಸತ್ತಾರ,” ಎಂದಳು.

ನನ್ನ ಅಜ್ಜಿ ಸಿಡುಕಿದಳು: “ಹಿಂಗ ಗಂಡನ ಹೆಸರು ತಗೋತಾರೇನ?”

ಮರುದಿನದಿಂದ ಓಣಿಯ ಎಲುಬಿಲ್ಲದ ನಾಲಿಗೆಗಳಿಗೆ ಅದೇ ಕೆಲಸವಾಯಿತು. ಟಿವಿಯವರ ತಪ್ಪು ಒಬ್ಬರಿಗೂ ಕಾಣಲಿಲ್ಲ, ಕಾಕುವಿನದು ಎಲ್ಲರಿಗೂ ಕಂಡಿತು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆಮೇಲೆ ಆಕೆ ನಮ್ಮ ಹೊಸ್ತಿಲು ತುಳಿಯಲಿಲ್ಲ...

ಕಾಕು ತೀರಿಹೋಗಿ ಬಹಳ ವರ್ಷಗಳಾದವು. ಈ ಸಲ ಊರಿಗೆ ಹೋದಾಗ, ನನಗೂ ಮರೆತುಹೋಗಿದ್ದ ಆಕೆಯ ಗಂಡನ ಹೆಸರು ಯಾರಿಗಾದರೂ ನೆನಪಿದೆಯೇ ಎಂದು ಓಣಿಯಲ್ಲಿ ವಿಚಾರಿಸಿದೆ. ಒಬ್ಬರಿಗೂ ಇಲ್ಲ. ಆಕೆ ಅದನ್ನು ಬಾಯಿಬಿಟ್ಟು ಹೇಳಿದ್ದು ಮಾತ್ರ ಎಲ್ಲರಿಗೂ ನೆನಪಿದೆ.