ಮಗಳ ಹುಬ್ಬು ನೋಡಿ ಹೇಳಿದ ಸದ್ದು

ನಮ್ಮ ಗ್ಯಾರೇಜಿನ ಮೇಸ್ತ್ರಿಗೆ ಕಿವಿ ಮೇಸ್ತ್ರಿ ಅನ್ನೋದು ಸುಮ್ಮನೆ ಬಂದ ಹೆಸರಲ್ಲ. ಮುಂದಿನ ಚಕ್ರ ಕೀಚ್ ಅನ್ನುತ್ತೆ ಅಂತ ಯಾರಾದರೂ ಕಾರು ತಂದರೆ ಮಿಕ್ಕವರು ಜಾಕ್ ಹುಡುಕೋರು. ಇವರು ಕಾರಿನ ಯಜಮಾನನನ್ನ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆದು ಬಂದು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿಬಿಡೋರು. ಬ್ರೇಕಿನ ಮೇಲೆ ಕಾಲಿಟ್ಟಾಗ ಕೀಚಲು ನಿಂತರೆ ಪ್ಯಾಡ್ ಸವೆದಿದೆ. ತಿರುವಿನಲ್ಲಿ ಜೋರಾದರೆ ಬೇರಿಂಗ್. ರಸ್ತೆಯ ಉಬ್ಬು ಹತ್ತುವಾಗ ಕಿರುಗುಟ್ಟಿದರೆ ರಬ್ಬರ್ ಬುಷ್. ಅದೇ ಗ್ಯಾರೇಜಿನ ಮೂಲೇಲಿ ಸೀಟ್ ಕವರ್ ಹೊಲಿಯೋ ನಾನು ಇದನ್ನೆಲ್ಲ ಕಲಿತದ್ದು ಅವರ ಬಾಯಿಂದಲೇ.

ಆಮೇಲೆ ಅವರ ಕಿವಿ ಕೈಕೊಟ್ಟವು. ದಪ್ಪ ಸದ್ದು ಕೇಳೋದು, ಸಣ್ಣ ಕೀಚಲು ಕೇಳದು. ಆದರೂ ಅವರ ಮಾತು ತಪ್ಪಲಿಲ್ಲ. ಹೇಗೆ ಅಂತೀರಾ? ಪಕ್ಕದಲ್ಲಿ ಕೂತವರ ಮುಖ ನೋಡೋರು. ತನ್ನ ಕಾರು ಕಿರುಚಿದಾಗೆಲ್ಲ ಯಜಮಾನನ ಹುಬ್ಬು ಗಂಟಾಗುತ್ತೆ, ಅವನ ಕರುಳೇ ಕಿತ್ತ ಹಾಗೆ. ಹುಬ್ಬು ಯಾವಾಗ ಗಂಟಾಯ್ತು, ಯಾವಾಗ ಸಡಿಲಾಯ್ತು, ಅಷ್ಟು ಗೊತ್ತಾದರೆ ಮೇಸ್ತ್ರಿಗೆ ಸಾಕು. ಮನೇಲೂ ಮುಖ, ತುಟಿ ನೋಡಿಯೇ ಮಾತು ತಿಳಿದುಕೊಳ್ಳೋರು. ಈ ಗುಟ್ಟು ಮಗಳೊಬ್ಬಳಿಗೇ ಗೊತ್ತಿತ್ತು. ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ಗ್ಯಾರೇಜು ಅಷ್ಟೊತ್ತಿಗೆ ಮನೆ ಅಳಿಯನ ಕೈಗೆ ಹೋಗಿತ್ತು. ನಾಲಿಗೇಲಿ ಜೇನು, ಹೊಟ್ಟೇಲಿ ವಿಷ, ಅಂಥ ಆಸಾಮಿ. "ಮಾವ, ನಿಮ್ಮ ಮಾತು ಸರಿ ಇರೋತನಕ ಬನ್ನಿ. ಒಂದು ಸಲ ತಪ್ಪಿದ್ರೆ ಮನೇಲಿ ಆರಾಮಾಗಿ ಇದ್ದುಬಿಡಿ" ಅಂದಿದ್ದ, ಎಲ್ಲರ ಮುಂದೆ. ಹೆಂಡತಿ ಸತ್ತ ಮೇಲೆ ಆ ಮುದುಕನಿಗೆ ಬೆಳಿಗ್ಗೆ ಎದ್ದು ಹೋಗೋಕೆ ಅಂತ ಇದ್ದದ್ದು ಅದೊಂದೇ ಜಾಗ.

ಒಂದು ದಿನ ಅಳಿಯ ಮನೆ ಕಾರನ್ನೇ ತಂದು ನಿಲ್ಲಿಸಿದ. "ಮಾವ, ಮುಂದಿನ ಚಕ್ರ ಕೀಚ್ ಅಂತಿದೆ. ಕೇಳಿ ಕೇಳಿ ಇವಳಿಗೆ ತಲೆನೋವು." ಮೇಸ್ತ್ರಿಯ ಪಕ್ಕ ಮಗಳು ಕೂತಳು. ಹಿಂದೆ ಅವನು, ಜೊತೆಗೆ ನಾನು. ಹೊಸ ಸೀಟ್ ಕವರ್ ಸರಿ ಕೂತಿದೆಯಾ ನೋಡಬನ್ನಿ ಅಂತ ಕರೆದಿದ್ದ. ಸಾಕ್ಷಿಗೆ ಅಂತ ನನಗೇನು ಗೊತ್ತು?

ಕಾರು ಹೊರಟಿತು. ನನಗೆ ಇಂಜಿನ್ ಬಿಟ್ಟು ಬೇರೇನೂ ಕೇಳಲಿಲ್ಲ. ಎಡಕ್ಕೆ ತಿರುಗಿದಾಗ ಮಗಳು ಹುಬ್ಬು ಗಂಟಿಕ್ಕಿದಳು. ನೇರ ಆದಾಗ ಸಡಿಲಿಸಿದಳು. ಮತ್ತೆ ಎಡಕ್ಕೆ, ಮತ್ತೆ ಗಂಟು. ಮೇಸ್ತ್ರಿ ಅವಳ ಕೈ ತಟ್ಟಿ, "ಬಲಗಡೆ ಬೇರಿಂಗ್ ಕಣಮ್ಮ. ಈಗಲೇ ಬದಲಾಯಿಸಿಕೊಡ್ತೀನಿ, ತಲೆನೋವು ಹೋಗುತ್ತೆ" ಅಂದರು.

ಗ್ಯಾರೇಜಿಗೆ ಬಂದವನೇ ಅಳಿಯ ಎಲ್ಲರನ್ನೂ ಕರೆದ. ಮಾವನ ಎದುರಿಗೆ ನಿಂತು, ತುಟಿ ಚೆನ್ನಾಗಿ ಕಾಣೋ ಹಾಗೆ, "ನೆನ್ನೆ ನಾನೇ ಎರಡೂ ಕಡೆ ಹೊಸ ಬೇರಿಂಗ್, ಹೊಸ ಪ್ಯಾಡ್ ಹಾಕಿದೀನಿ. ಈ ಕಾರಲ್ಲಿ ಸದ್ದೇ ಇಲ್ಲ ಮಾವ" ಅಂದ. ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಸ್ಪ್ಯಾನರ್ ಹಿಡಿಯೋದು ಕಲಿಸಿದವರನ್ನ ನೋಡಿ ನಕ್ಕರು, ಅವರ ಬಾಯಿಗೆ ಮಣ್ಣು ಹಾಕ.

ಮೇಸ್ತ್ರಿ ಅವರ ಕಡೆ ತಿರುಗಲಿಲ್ಲ. "ನಿನಗೆ ನಿಜವಾಗ್ಲೂ ಏನೂ ಕೇಳಿಸ್ಲಿಲ್ವಾ?" ಅಂತ ಮಗಳನ್ನ ಕೇಳಿದರು.

"ನಿಮ್ಮ ಒಳ್ಳೇದಕ್ಕೇ ಅಪ್ಪ" ಅಂದಳು.

ಒಳ್ಳೇದಂತೆ, ಒಳ್ಳೇದು. ಅವರು ಕಾರಿನ ಕೀಲಿ ಬಾನೆಟ್ ಮೇಲಿಟ್ಟು ಮನೆಗೆ ನಡೆದರು. ಮತ್ತೆ ಈ ಕಡೆ ಬರಲಿಲ್ಲ.

ಮೊನ್ನೆ ಅವಳು ನನ್ನ ಹತ್ತಿರ ಬಂದು ಕೂತು ಗೊಳೋ ಅಂತ ಅತ್ತಳು. "ಅಕ್ಕಾ, ಅಪ್ಪಂಗೆ ಪೂರ್ತಿ ಕಿವುಡಾಗಿದೆ. ನಾನು ಊಟಕ್ಕೆ ಕರೆದ್ರೂ ತಟ್ಟೆ ನೋಡ್ಕೊಂಡು ಕೂತಿರ್ತಾರೆ. ಡಾಕ್ಟ್ರು ನೋಡಿದ್ರೆ ಕಿವಿ ಮೊದಲಿನಷ್ಟೇ ಇದೆ ಅಂತಾರೆ."

"ನಿನ್ನ ಗಂಡ ಕರೆದ್ರೆ?"

"ಎದ್ದು ಬರ್ತಾರೆ. ಮಕ್ಕಳು ಕರೆದ್ರೂ ಬರ್ತಾರೆ. ಅವರ ಮುಖ ಎಲ್ಲ ನೋಡ್ತಾರೆ."

ಅವಳನ್ನ ಸಮಾಧಾನ ಮಾಡೋ ಮನಸ್ಸು ನನಗೆ ಬರಲೇ ಇಲ್ಲ. "ಹಾಗಾದ್ರೆ ಕಿವಿಗೇನೂ ಆಗಿಲ್ಲ ಬಿಡಮ್ಮ" ಅಂದೆ. "ನಿನ್ನ ಮುಖ ನೋಡೋದು ಬಿಟ್ಟಿದಾರೆ, ಅಷ್ಟೆ."