ಚಂಪಾಳ ನಾಯಿ, ನಮ್ಮ ಬಕೆಟ್

ಮರಾಠಿ ಸೀಮೆಯ ವೇರೂಳಿನ ನಮ್ಮ ಹೋಟೆಲಿಗೆ ರಸ್ತೆಯ ಕಡೆಯಿಂದ ಬಂದವರಿಗೆ ಊದಿನಕಡ್ಡಿಯ ಪರಿಮಳ, ಹಿತ್ತಿಲ ಕಡೆಯಿಂದ ಬಂದವರಿಗೆ ಎಲೆಗುಂಡಿಯ ನಾತ. ಚಂಪಾ ಹಿತ್ತಿಲಿನಿಂದ ಬಂದವಳು.

ಘೃಷ್ಣೇಶ್ವರನ ಯಾತ್ರಿಕರು ಉಂಡೆದ್ದ ಮುತ್ತುಗದೆಲೆಗಳನ್ನೆಲ್ಲ ಆ ಗುಂಡಿಗೆ ಸುರಿಯುತ್ತಿದ್ದರು. ಹುಳಿತ ಅನ್ನ, ಜಗಿದು ಉಗಿದ ನುಗ್ಗೆಕೋಡು, ಅದರ ಮೇಲೆ ನೊಣದ ಕಪ್ಪು ಚಾದರ. ಒಂಬತ್ತು ಬೀದಿನಾಯಿಗಳು ಅದರಲ್ಲೇ ಹೊರಳುತ್ತಿದ್ದವು, ತಿನ್ನುತ್ತಿದ್ದವು, ಕಾರಿ ಅದನ್ನೇ ಮತ್ತೆ ತಿನ್ನುತ್ತಿದ್ದವು. ನಾನು ಮೂಗಿಗೆ ಸೆರಗು ಮುಚ್ಚಿಕೊಳ್ಳದೆ ಹಿತ್ತಿಲಿಗೆ ಹೋದ ದಿನವಿಲ್ಲ. ಈಗ ನೆನೆಸಿದರೆ, ಆ ಹೋಟೆಲಿನಲ್ಲಿ ಹೆಚ್ಚು ಹೊಲಸು ಇದ್ದದ್ದು ಗುಂಡಿಯಲ್ಲಿ ಅಲ್ಲ.

ಹೋಟೆಲು ನನ್ನ ಭಾವ ಜಯರಾಮನದು. ನನ್ನ ಯಜಮಾನರು ಭುಜಂಗ, ಅವನ ತಮ್ಮ. ಹೆಸರಿಗೆ ಇಬ್ಬರದೂ ಪಾಲು, ಮಾತು ಮಾತ್ರ ಭಾವನದೊಂದೇ. ನಾವು ಕುಂದಾಪುರದ ಕಡೆಯವರು. ನಾನು ಅಲ್ಲಿಗೆ ಬಂದು ನಾಲ್ಕು ವರ್ಷವಾಗಿತ್ತು. ಗಂಡಸರನ್ನು ಬಿಟ್ಟರೆ ನನ್ನ ಹತ್ತಿರ ಕನ್ನಡ ಮಾತಾಡುವ ಹೆಣ್ಣು ಜೀವ ಒಂದೂ ಇರಲಿಲ್ಲ. ಅರವತ್ತೇಳನೇ ಇಸವಿ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ಒಂದು ಧ್ವನಿ ಕೇಳಿತು.

"ಅಕ್ಕಾರ, ಏನರ ಕೆಲಸ ಐತೇನ್ರಿ? ಕಟಿಗಿ ಒಡಿತೇನಿ, ಭಾಂಡಿ ತಿಕ್ತೇನಿ."

ನೋಡಿದರೆ ಎತ್ತರದ ಹೆಂಗಸು, ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಒಂದು ಹಿತ್ತಾಳೆ ತಂಬಿಗೆ. ಪಕ್ಕದಲ್ಲಿ ಕರುವಿನಷ್ಟು ಎತ್ತರದ ಕಪ್ಪು ನಾಯಿ, ಉದ್ದ ಮೂತಿ, ಕುತ್ತಿಗೆಗೆ ಕಬ್ಬಿಣದ ಮುಳ್ಳಿನ ಪಟ್ಟಿ. ತೋಳ ಬಂದು ಕುತ್ತಿಗೆಗೆ ಬಾಯಿ ಹಾಕದಿರಲಿ ಎಂದು ಕುರಿಗಾಹಿಗಳು ಕಟ್ಟುವ ಪಟ್ಟಿ ಅದು.

ಚಂಪಾ ಹುಟ್ಟಿದ್ದು ಕನ್ನಡ ನಾಡಿನ ಇಂಡಿ ಊರಿನ ಹತ್ತಿರ, ಕೊಟ್ಟದ್ದು ಮರಾಠಿ ಕುರುಬರಾದ ಧನಗರರ ಮನೆಗೆ. ಮದುವೆಯಾದ ಮೇಲೆ ಮನೆ ಎಂಬುದನ್ನೇ ಕಂಡವಳಲ್ಲ. ಮಳೆಗಾಲ ಮುಗಿದರೆ ಕುರಿಯ ಹಿಂದೆ ಹೊರಡುವುದು, ಹೊಲದವರು ಕರೆದಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸುವುದು, ಕುದುರೆಯ ಮೇಲೆ ಕೋಳಿ, ಕೂಸು, ಪಾತ್ರೆ. ಕೂಸು ಜ್ವರಕ್ಕೆ ಹೋಯಿತು. ಗಂಡ ಹಾವು ಕಚ್ಚಿ ಹೋದ. ಗಂಡನ ಅಣ್ಣಂದಿರು ಕುರಿಗಳನ್ನು ಹೊಡೆದುಕೊಂಡು ಹೋದರು. ನಾಯಿಯನ್ನೂ ಎಳೆದರಂತೆ, ಅದು ಹೋಗಲಿಲ್ಲವಂತೆ.

"ನನ್ನ ಕೈಲೇ ಉಂಡು ಬೆಳದೈತ್ರಿ. ಬ್ಯಾರೆದವರು ಹಾಲು ಇಟ್ರೂ ಮೂಸಂಗಿಲ್ಲ," ಎಂದಳು. ಅದರ ಹೆಸರು ಖಂಡ್ಯಾ.

ಭಾವ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಇರಲು ಒಪ್ಪಿದ. ಒಂದೇ ಷರತ್ತು, ಅಡುಗೆಮನೆಯ ಹೊಸ್ತಿಲು ದಾಟಬಾರದು. ಅವಳು ತಿಕ್ಕಿದ ಹಂಡೆಯಲ್ಲಿ ನಾವು ಅನ್ನ ಮಾಡಬಹುದು, ಅವಳು ಮಾತ್ರ ನಮ್ಮ ಲೋಟದಲ್ಲಿ ಚಾ ಕುಡಿಯಬಾರದು. ಅವಳಿಗೆ ಒಂದು ತೆಂಗಿನ ಚಿಪ್ಪು ಇಟ್ಟಿದ್ದೆವು. ನಾನೇ ಮೇಲಿನಿಂದ ಹೊಯ್ಯುತ್ತಿದ್ದೆ, ಕೆಟಲಿನ ಮೂತಿ ಚಿಪ್ಪಿಗೆ ತಾಗದ ಹಾಗೆ. ಅದು ಹೊಲಸು ಎಂದು ನನಗೆ ಆಗ ಅನ್ನಿಸಲಿಲ್ಲ ನೋಡಿ.

ಮೊದಲ ದಿನ ಖಂಡ್ಯಾನನ್ನು ಕಂಡು ಆ ಒಂಬತ್ತು ನಾಯಿಗಳೂ ಹಲ್ಲು ಕಿಸಿದು ಸುತ್ತುವರಿದವು. ಅಡುಗೆಯ ಕಿಟ್ಟಣ್ಣ ಸೌಟು ಹಿಡಿದು ಓಡಿ ಬಂದ. "ಹೋಯ್, ಈಗ ಹರಿದು ಹಾಕ್ತದೆ ಕಾಣಿ!" ಹಾಗೇನೂ ಆಗಲಿಲ್ಲ. ಖಂಡ್ಯಾ ಬೊಗಳಲಿಲ್ಲ. ತಲೆ ತಗ್ಗಿಸಿ ದೊಡ್ಡದಾಗಿ ಸುತ್ತು ಹಾಕಿತು. ಒಂದರ ಹಿಂಗಾಲಿಗೆ ಮೂತಿಯಿಂದ ಗುದ್ದಿತು, ಇನ್ನೊಂದರ ಮುಂದೆ ಅಡ್ಡ ನಿಂತಿತು. ನೋಡುತ್ತಿದ್ದಂತೆ ಒಂಬತ್ತೂ ಬೇಲಿಯ ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದವು. ಏನಾಯಿತೆಂದು ಅವಕ್ಕೇ ಗೊತ್ತಾಗಲಿಲ್ಲ. ಖಂಡ್ಯಾ ಅವುಗಳ ಎದುರು ಮಲಗಿ ಆಕಳಿಸಿತು.

ಚಂಪಾ ನಕ್ಕು ನಕ್ಕು ಕೂತುಬಿಟ್ಟಳು. "ಮರಿ ಇದ್ದಾಗಿಂದ ಕುರಿ ಹಾಲು ಕುಡುದು, ಕುರಿಮರಿ ಜೋಡಿ ಮಲಗೇತ್ರಿ ಅಕ್ಕಾರ. ನಾಯಿ ಜೋಡಿ ಹೆಂಗ ಆಡಬೇಕು ಅನ್ನೂದು ಅದಕ್ಕ ತಿಳ್ಯಾಂಗಿಲ್ಲ. ಕಂಡಿದ್ದನ್ನೆಲ್ಲ ಕೂಡ್ಸೂದೊಂದ ಗೊತ್ತು."

ಅಂದಿನಿಂದ ಆ ಹಡಬೆ ನಾಯಿಗಳು ಅದರ ಮಂದೆಯಾದವು. ಬೆಳಿಗ್ಗೆ ಎಲ್ಲವನ್ನೂ ಗುಂಡಿಯ ಹತ್ತಿರ ಬಿಡುವುದು, ಬಿಸಿಲೇರಿದರೆ ಬೇವಿನ ಮರದ ಕೆಳಗೆ ತರುವುದು. ಕುಂಟ ಕಂದು ನಾಯಿಯೊಂದು ಹಿಂದೆ ಬಿದ್ದರೆ ಹಿಂತಿರುಗಿ ಹೋಗಿ ಕರೆತರುತ್ತಿತ್ತು. ಗುಂಡಿಯ ಎಂಜಲಿಗೆ ತಾನು ಬಾಯಿ ಹಾಕುತ್ತಿರಲಿಲ್ಲ. ಸಂಜೆ ಚಂಪಾ ಜೋಳದ ಭಾಕರಿಯನ್ನು ಮಜ್ಜಿಗೆಯಲ್ಲಿ ನಾದಿ ಅಂಗೈಯಲ್ಲಿ ಹಿಡಿದರೆ ತಿನ್ನುವುದು, ಅಷ್ಟೇ. ವೇರೂಳಿನ ಗುಹಾದೇವಾಲಯ ನೋಡಲು ಬಂದ ಪ್ರವಾಸಿಗಳು ಹಿತ್ತಿಲಿಗೆ ಬಂದು ಇದನ್ನು ನೋಡಿ ಚಪ್ಪಾಳೆ ತಟ್ಟಿ ಹೋಗುತ್ತಿದ್ದರು. ಭಾವನ ತಲೆಯೊಳಗೆ ಹುಳ ಹೊಕ್ಕದ್ದು ಆ ಚಪ್ಪಾಳೆಯಿಂದಲೇ.

ಸಟಾಣಾದಿಂದ ಔರಂಗಾಬಾದಿಗೆ ಈರುಳ್ಳಿ ಹೊರುವ ಒಬ್ಬ ಲಾರಿಯವನು ಸೋಮವಾರ ಸೋಮವಾರ ನಮ್ಮಲ್ಲಿ ಊಟಕ್ಕೆ ನಿಲ್ಲಿಸುತ್ತಿದ್ದ. ಹೊಟ್ಟೆ ಮುಂದೆ, ಮನುಷ್ಯ ಹಿಂದೆ. ಉಂಡ ಮೇಲೆ ಕೈ ತೊಳೆಯದೆ ಮೀಸೆಗೆ ಒರೆಸಿಕೊಳ್ಳುತ್ತಿದ್ದ. ಕ್ಯಾಬಿನ್ನಿನಲ್ಲಿ ಅವನದೊಂದು ನಾಯಿ, ಗಿಡ್ಡ ಕಾಲು, ಅಗಲ ಎದೆ, ಮೈಮೇಲೆಲ್ಲ ಹಳೆಯ ಕಡಿತದ ಗುರುತು. ಊರೂರಲ್ಲಿ ಕಾಳಗಕ್ಕೆ ಬಿಟ್ಟು ಮೆರೆಯುತ್ತಿದ್ದ. ಅವನೂ ಭಾವನೂ ಕೂತು ಪಂತ ಕಟ್ಟಿದರು.

ಖಂಡ್ಯಾನನ್ನು ಕಾಳಗಕ್ಕೆ ಬಿಡುತ್ತೀಯಾ ಎಂದು ಭಾವ ಚಂಪಾಳನ್ನು ಕೇಳಿದ. ಅವಳು ಕೈ ಮುಗಿದಳು.

"ಅದು ಕುಸ್ತಿ ಆಡೂ ನಾಯಿ ಅಲ್ರೀ ಮಾಲಕರ. ಮಂದಿಯೊಳಗ ಬಿಟ್ರ ಎಲ್ಲಾನೂ ಕೂಡ್ಸಿಕೊಂಡು ನನ್ನ ಕಡೆ ಬರತೈತಿ. ಅದಕ್ಕ ಬಿಡಬ್ಯಾಡ್ರಿ, ಸತ್ತ ಹೋಕ್ಕೈತಿ."

"ಆಯ್ತು ಮಾರಾಯ್ತಿ, ಬೇಡ ಅಂದ್ರೆ ಬೇಡ," ಎಂದ ಭಾವ. ಎಷ್ಟು ಮೆತ್ತಗೆ ಅಂದನೆಂದರೆ ನನಗೆ ಆಗಲೇ ಗೊತ್ತಾಗಬೇಕಿತ್ತು.

ಮುಂದಿನ ಸೋಮವಾರ ದೊಡ್ಡ ಯಾತ್ರೆಯ ದಿನ. ಶನಿವಾರ ಭಾವ ಖಂಡ್ಯಾನನ್ನು ಹಳೆಯ ಹಿಟ್ಟಿನ ಕೋಣೆಯಲ್ಲಿ ಕೂಡಿ ಬೀಗ ಹಾಕಿದ. ಯಾತ್ರೆಯ ಜನಕ್ಕೆ ಕಚ್ಚಿದರೆ ಪೊಲೀಸರು ಬರುತ್ತಾರೆ, ಎರಡು ದಿನದ ಮಾತು, ಹಾಲು ಅನ್ನ ನಾನೇ ಹಾಕುತ್ತೇನೆ ಎಂದ. ಚಂಪಾ ಬೀಗ ತೆಗೆಯಿರಿ ಎಂದರೆ ಕೊಟ್ಟಿಗೆ ಖಾಲಿ ಮಾಡು ಎಂದ. ತಲೆಯ ಮೇಲಿನ ಆ ತಗಡು ಬಿಟ್ಟರೆ ಅವಳಿಗೆ ಬೇರೆ ಏನಿತ್ತು? ಸುಮ್ಮನಾದಳು. ನನಗೆ ಮಾತ್ರ ಭಾವ ಬೇರೆಯೇ ಹೇಳಿದ. "ಗುಣವತಿ, ಸೋಮವಾರ ಆ ನಾಯಿ ಕಚ್ಚಬೇಕು. ಕಚ್ಚಲಿಲ್ಲವೋ, ನಾಯಿಯೂ ಹೊರಗೆ, ಅವಳೂ ಹೊರಗೆ. ನೀನು ಬಾಯಿ ಹಾಕಬೇಡ."

ಭಾನುವಾರ ಸಂಜೆ ಸಾಂಬಾರು ಬಡಿಸುವ ಬಕೆಟ್ ಕಾಣಲಿಲ್ಲ. ಹುಡುಕುತ್ತ ಹಿಟ್ಟಿನ ಕೋಣೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಭಾವ ಖಂಡ್ಯಾನ ಮುಳ್ಳುಪಟ್ಟಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಶನಿವಾರದಿಂದ ಉಣ್ಣದ ನಾಯಿಯ ಹೊಟ್ಟೆ ಒಳಗೆ ಹೋಗಿತ್ತು. ಅದರ ಎದುರಿಗೆ ನಮ್ಮ ಬಕೆಟ್, ಅದರ ತುಂಬ ಕಟುಕನ ಅಂಗಡಿಯ ರಕ್ತ, ಕರುಳು, ಮೇಲೆ ನೊಣ. ನಾಯಿ ಗೋಡೆಯ ಕಡೆ ಮುಖ ತಿರುಗಿಸಿ ಕೂತಿತ್ತು.

"ರಕ್ತದ ರುಚಿ ಹಿಡಿಯಲಿ ಅಂತ," ಎಂದ ಭಾವ. ಅವನ ಹಣೆಯ ಮೇಲೆ ದೇವಸ್ಥಾನದ ಗಂಧ ಹಾಗೇ ಇತ್ತು.

ನಾನು ಓಡಿ ಹೋಗಿ ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಹುಣಸೆಹುಳಿ ಹಾಕಿ ತಿಕ್ಕಿದರೆ ಆಯ್ತಲ್ಲ ಮಾರಾಯ್ತಿ. ಬಕೆಟಿಗೆ ಬಾಯಿ ಉಂಟಾ ಹೇಳಲಿಕ್ಕೆ?"

ಸತ್ತವರ ಬಗ್ಗೆ ಹೀಗೆ ಬರೆಯಬಾರದು ಅನ್ನುತ್ತಾರೆ. ಬರೆಯುತ್ತೇನೆ. ಮೂವತ್ತೆಂಟು ವರ್ಷ ಅವರ ಜೊತೆ ಸಂಸಾರ ಮಾಡಿದೆ, ಅವರು ಬಿದ್ದಾಗ ಎತ್ತಿದೆ, ಮೈ ಒರೆಸಿದೆ. ಆ ಒಂದು ಮಾತಿನ ಹೇಸಿಗೆ ನನ್ನ ಬಾಯಿಂದ ಹೋಗಲಿಲ್ಲ.

ಮತ್ತೆ ನಾನು ಮಾಡಿದ್ದೇನು? ಬಕೆಟನ್ನು ಚಂಪಾಳ ಕೈಗೆ ಕೊಟ್ಟರೆ ಗೊತ್ತಾಗುತ್ತದೆಂದು ಬಚ್ಚಲಿಗೆ ಒಯ್ದು ನಾನೇ ತಿಕ್ಕಿದೆ. ಬೂದಿ, ಹುಣಸೆ, ಮತ್ತೆ ಬೂದಿ. ಮೂರು ಸಲ ತಿಕ್ಕಿದರೂ ಉಗುರ ಸಂದಿಯ ವಾಸನೆ ಹೋಗಲಿಲ್ಲ. ಚಂಪಾ ಹೊರಗಿನಿಂದ ಕೇಳಿದಳು.

"ಅಕ್ಕಾರ, ಖಂಡ್ಯಾ ಉಂಡೈತೇನ್ರಿ?"

"ಉಂಡಿದೆ ಮಾರಾಯ್ತಿ. ಹಾಲು ಅನ್ನ."

"ಬ್ಯಾರೆ ಮಂದಿ ಕೈಲೆ ಉಣ್ಣಾಂಗಿಲ್ಲಲ್ರಿ ಅದು."

"ನಾನೇ ಕೊಟ್ಟೆ. ತಿಂದಿತು."

ಅವಳು ಹೇಳಿದಳು, "ಹಂಗಾರ ನೀವೂ ಅದಕ್ಕ ಮನಿಯವರಾದ್ರಿ ಬಿಡ್ರಿ."

ಸೋಮವಾರ ಮಧ್ಯಾಹ್ನ ಎರಡು ಸಾಲು ಯಾತ್ರಿಕರು ಊಟಕ್ಕೆ ಕೂತಿದ್ದರು. ಚಂಪಾಳನ್ನು ಹಿತ್ತಿಲಿಗೆ ಬಿಡಬೇಡ ಎಂದು ಭಾವ ನನಗೆ ಅಪ್ಪಣೆ ಮಾಡಿದ್ದ. "ಈರುಳ್ಳಿ ಸುಲಿಯಲಿಕ್ಕೆ ಜನ ಸಾಲದು, ಒಳಗೆ ಬಾ," ಎಂದು ನಾನು ಅವಳನ್ನು ಅಡುಗೆಮನೆಯ ಒಳಗೇ ಕೂರಿಸಿದೆ. ಒಂದು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದಳು. ಕಾಲು ಎರಡು ಸಲ ತೊಳೆದುಕೊಂಡು ಬಂದಳು. ಒಲೆ, ಅನ್ನ ಬಸಿಯುವ ಕೊಳದಪ್ಪಲೆ, ಗೋಡೆಯ ದೇವರ ಪಟ ಎಲ್ಲವನ್ನೂ ನೋಡಿ, "ಭಾಳ ಚೊಕ್ಕ ಐತ್ರಿ," ಎಂದಳು.

ಊಟ ಮುಗಿದ ಮೇಲೆ ಕಾಳಗ ಎಂದು ಭಾವ ಇಟ್ಟುಕೊಂಡಿದ್ದ. ಲಾರಿಯವನು ಕೇಳಲಿಲ್ಲ. ತನ್ನ ಮಾಲು ಬಿಸಿಲಿಗೆ ಕೊಳೆಯುತ್ತದೆ, ಬಿಡುವುದಾದರೆ ಈಗ ಬಿಡು ಎಂದ. ಹಿತ್ತಿಲಲ್ಲಿ ಕ್ಲೀನರುಗಳು, ಟಾಂಗಾದವರು, ಮೂವತ್ತು ನಲವತ್ತು ಗಂಡಸರು ಗುಂಡಿಯ ಸುತ್ತ ನಿಂತು ಶಿಳ್ಳೆ ಹಾಕುತ್ತಿದ್ದರು. ಆ ನಾತದಲ್ಲಿ ನಿಂತು ಒಬ್ಬ ಬಾಳೆಹಣ್ಣು ತಿನ್ನುತ್ತಿದ್ದ! ಕಿಟಕಿಯಿಂದ ನಾನು ನೋಡಿದೆ. ಖಂಡ್ಯಾನನ್ನು ಎಳೆದು ತಂದರು. ಆಚೆಯಿಂದ ಲಾರಿಯವನು ಸರಪಳಿ ಬಿಚ್ಚಿದ.

ಆ ಗಿಡ್ಡ ನಾಯಿ ಬಂದದ್ದೇ ಖಂಡ್ಯಾನ ಕಿವಿಗೆ ಬಾಯಿ ಹಾಕಿ ಹರಿಯಿತು. ಖಂಡ್ಯಾ ಕೊಡವಿಕೊಂಡಿತು. ತಿರುಗಿ ಕಚ್ಚುತ್ತದೆ ಎಂದು ಎಲ್ಲರೂ ಕೂಗಿದರು. ಅದು ತಿರುಗಿದ್ದು ಬೇವಿನ ಮರದ ಕಡೆಗೆ. ಅಲ್ಲಿ ಹೆದರಿ ನಡುಗುತ್ತಿದ್ದ ತನ್ನ ಒಂಬತ್ತನ್ನು ಒಂದು ಸುತ್ತು ಹಾಕಿ ಒಟ್ಟು ಮಾಡಿತು. ಗೆದ್ದೆ ಎಂದು ಲಾರಿಯವನು ತನ್ನ ನಾಯಿಯನ್ನು ಎಳೆದು ಕಟ್ಟುವಷ್ಟರಲ್ಲಿ ಖಂಡ್ಯಾ ರಕ್ತ ಸುರಿಸುತ್ತಲೇ ಕುಂಟನ ಹಿಂದೆ ಮೂತಿ ಕೊಟ್ಟು ನೂಕಿತು. ತೋಳ ಬಂದಾಗ ಏನು ಮಾಡಲು ಕಲಿತಿತ್ತೋ ಅದನ್ನೇ ಮಾಡಿತು. ಮಂದೆಯನ್ನು ಚಂಪಾ ಇದ್ದಲ್ಲಿಗೆ ಹೊಡೆದುಕೊಂಡು ಬಂತು.

ಚಂಪಾ ಇದ್ದದ್ದು ಅಡುಗೆಮನೆಯಲ್ಲಿ.

ಹಿತ್ತಿಲ ಬಾಗಿಲಿನಿಂದ ಒಂಬತ್ತು ನಾಯಿ ಒಳಗೆ ನುಗ್ಗಿದವು, ಹಿಂದೆ ಖಂಡ್ಯಾ. ಗುಂಡಿಯ ಕೊಳೆ ಮೈಗೆ ಮೆತ್ತಿಕೊಂಡೇ ಅನ್ನದ ಕೊಪ್ಪರಿಗೆಗೆ ತಾಗಿದವು, ಹಪ್ಪಳದ ಬುಟ್ಟಿ ಮಗುಚಿದವು. ನಾಲ್ಕು ಊಟದ ಕೋಣೆಗೆ ಹಾರಿ ಎಲೆಗಳ ಮೇಲೆ ಓಡಿದವು. ಯಾತ್ರಿಕರು ಕೂಗಿಕೊಂಡು ಎದ್ದರು. "ಹೋಯ್ ಹೋಯ್ ಹೋಯ್!" ಎಂದು ಕಿಟ್ಟಣ್ಣ ಸೌಟು ಬೀಸುತ್ತ ತಾನೇ ಜಾರಿ ಬಿದ್ದ. ಖಂಡ್ಯಾ ಮಾತ್ರ ಚಂಪಾಳ ಕಾಲ ಬಳಿ ಬಂದು ಕೂತಿತು. ಹರಿದ ಕಿವಿಯಿಂದ ಅವಳ ಸೀರೆಯ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು.

ಭಾವ ಕಟ್ಟಿಗೆ ಎತ್ತಿಕೊಂಡು ಬಂದ. "ಮುಂಡೇದೆ! ದೇವರ ಯಾತ್ರೆಯವರ ಅನ್ನ ಎಲ್ಲ ಎಂಜಲು ಮಾಡಿದೆಯಾ! ನೋಡಿ, ನೋಡಿ, ಅನ್ನ ಕೊಟ್ಟ ಮನೆಯನ್ನು ಹೊಲಸು ಮಾಡಿದಳು!" ಯಾತ್ರಿಕರೂ ಅವಳ ಮೇಲೆಯೇ ತಿರುಗಿದರು. ಹೊಡೆಯಿರಿ ಎಂದ ಒಬ್ಬ ಮುದುಕ, ಬಾಯಲ್ಲಿ ಇನ್ನೂ ತುತ್ತು ಇತ್ತು.

ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು. ಧೈರ್ಯ ಅಲ್ಲ, ವಾಂತಿ ಬರುವ ಹಾಗೆ ಮಾತು ಬಂತು. ಸಾಂಬಾರಿನ ಬಕೆಟನ್ನು ಎತ್ತಿ ಸಾಲಿನ ನಡುವೆ ಇಟ್ಟೆ. ನನಗೆ ಬರುವ ಹರಕು ಮರಾಠಿಯಲ್ಲಿ ಹೇಳಿದೆ: ನಿನ್ನೆ ಸಂಜೆ ಇದರಲ್ಲಿ ಕಟುಕನ ಅಂಗಡಿಯ ರಕ್ತ ಇತ್ತು. ಇದೋ ಈ ಮಾಲಕರೇ ತಂದದ್ದು. ಈ ನಾಯಿ ಅದನ್ನು ಮುಟ್ಟಲಿಲ್ಲ. ನೀವು ಇದರಿಂದಲೇ ಬಡಿಸಿದ್ದನ್ನು ಉಂಡಿರಿ. ತಿಕ್ಕಿದವಳು ನಾನು.

ಆ ಮುದುಕ ಗಂಟಲಿಗೆ ಬೆರಳು ಹಾಕಿಕೊಂಡ. ನಂತರದ್ದನ್ನು ನಾನು ಬರೆಯುವುದಿಲ್ಲ. ಆ ಕೋಣೆಗಿಂತ ಎಲೆಗುಂಡಿಯೇ ಚೊಕ್ಕಟವಾಗಿತ್ತು.

ಭಾವನ ಕೈಯ ಕಟ್ಟಿಗೆ ಕೆಳಗೆ ಬಿತ್ತು. ಚಂಪಾ ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ಉಂಡೈತಿ ಅಂದ್ರೆಲ್ರಿ ಅಕ್ಕಾರ?"

ಅವಳು ಸೆರಗಿನಿಂದ ಖಂಡ್ಯಾನ ಕಿವಿ ಒತ್ತಿ ಹಿಡಿದಳು.

"ನೀವ ಕೊಟ್ಟೆ ಅಂದ್ರಿ."

ಕೊಟ್ಟಿಗೆಯಿಂದ ಕಂಬಳಿ, ತಂಬಿಗೆ ಎರಡನ್ನೇ ತೆಗೆದುಕೊಂಡು ಹೊರಟಳು. ಮುಳ್ಳುಪಟ್ಟಿಯನ್ನು ಹಿಂದಿನಿಂದ ಓಡಿ ಕೊಡಲು ಹೋದೆ, ತಿರುಗಲಿಲ್ಲ. ಖುಲ್ತಾಬಾದಿನ ಘಾಟಿಯ ಕಡೆ ಅವಳು ಮುಂದೆ, ಖಂಡ್ಯಾ ಹಿಂದೆ. ಅದಕ್ಕೂ ಹಿಂದೆ ಎಲೆಗುಂಡಿಯ ನಾಯಿಗಳು. ಕುಂಟ ನಾಯಿ ನಿಂತಾಗಲೆಲ್ಲ ಖಂಡ್ಯಾ ಅಷ್ಟು ದೂರ ಹಿಂದಕ್ಕೆ ಬಂದು ಅದನ್ನು ಕರೆದುಕೊಂಡು ಹೋಗುತ್ತಿತ್ತು.

ವೇರೂಳಿನಲ್ಲಿ ಆಮೇಲೆ ನಮ್ಮ ಹೋಟೆಲಿಗೆ ಯಾರೂ ಕಾಲಿಡಲಿಲ್ಲ. ಭಾವ ಊರಿಗೆ ಹೋದ. ಸಾಯುವ ತನಕ ನನ್ನನ್ನು ಮನೆಮುರುಕಿ ಎಂದೇ ಕರೆದ. ಕರೆಯಲಿ. ನಾವು ನಾಸಿಕಕ್ಕೆ ಬಂದು ಓಝರಿನ ವಿಮಾನ ಕಾರ್ಖಾನೆಯ ರಸ್ತೆಯಲ್ಲಿ ಚಾದ ಅಂಗಡಿ ಇಟ್ಟೆವು. ಪಾಳಿ ಮುಗಿಸಿ ಬರುವ ಧಾರವಾಡ, ಬೆಳಗಾವಿ ಕಡೆಯ ಹುಡುಗರ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಹಿತ್ತಿಲ ಬಾಗಿಲ ಆ ಧ್ವನಿ ನೆನಪಾಗುತ್ತಿತ್ತು.

ಎಪ್ಪತ್ತೈದರಲ್ಲಿ ಇರಬೇಕು, ಮಳೆ ನಿಂತ ಮೇಲೆ ಅಂಗಡಿಯ ಎದುರು ಕುರಿಮಂದೆ ಹೋಯಿತು. ಹಿಂದೆ ಚಂಪಾ. ಕೂದಲು ಬೆಳ್ಳಗಾಗಿತ್ತು. ಬಿಡಕಿನ್ ಕಡೆಯ ಧನಗರರೊಬ್ಬರು ಅವಳನ್ನೂ ನಾಯಿಯನ್ನೂ ಮಂದೆಗೆ ಸೇರಿಸಿಕೊಂಡಿದ್ದರಂತೆ. ಖಂಡ್ಯಾ ಹೋಗಿ ಎರಡು ವರ್ಷ. ಈಗ ಜೊತೆಗಿದ್ದದ್ದು ಅದರ ಮಗಳು. ಅದರ ಸುತ್ತ ದಾರಿಯಲ್ಲಿ ಸಿಕ್ಕ ಎರಡು ಬೀದಿನಾಯಿಗಳು ಕುರಿಗಳ ನಡುವೆಯೇ ಕುರಿಯಂತೆ ನಡೆಯುತ್ತಿದ್ದವು.

ಒಳಗೆ ಬಾ, ಬೆಂಚಿನ ಮೇಲೆ ಕೂರು ಎಂದೆ. ಹೊಸ ಸ್ಟೀಲಿನ ಲೋಟ ತೆಗೆದು, ಅವಳ ಎದುರಿಗೇ ಬಿಸಿನೀರಿನಲ್ಲಿ ತೊಳೆದೆ.

"ಬ್ಯಾಡ್ರಿ ಅಕ್ಕಾರ," ಎಂದಳು. ಸಿಟ್ಟು ಇರಲಿಲ್ಲ. "ನಿಮ್ಮ ಪಾತ್ರೆದಾಗ ನನಗ ಒಳಗ ಹೋಗಾಂಗಿಲ್ಲ."

ಸೊಂಟದಿಂದ ತಂಬಿಗೆ ತೆಗೆದು ಮುಂದೆ ಹಿಡಿದಳು. ನಾನು ಕೆಟಲನ್ನು ಎತ್ತರಕ್ಕೆ ಎತ್ತಿ, ಮೂತಿ ತಂಬಿಗೆಗೆ ತಾಗದ ಹಾಗೆ, ಮೇಲಿನಿಂದ ಹೊಯ್ದೆ.